ಕವಲಿನಲ್ಲಿ ಮೂರು ಕಲ್ಲು

ನನ್ನ ತಮ್ಮ ನಂದಕುಮಾರ್ ಹುಟ್ಟಾ ಪುಕ್ಕಲ. ಒಡಹುಟ್ಟಿದ ಅಕ್ಕ ಹೀಗೆ ಹೇಳಬಾರದು, ನಿಜ. ಆದರೆ ಕೋಲಾರದಲ್ಲಿ ಅವನನ್ನು ಬಲ್ಲ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಸಹಾಯಕ. ಆಸಿಡ್ ಬಾಟಲಿಗಳ ನಡುವೆ ಇದ್ದು ಹಾಗಾದನೋ, ಹಾಗಿದ್ದಾನೆಂದೇ ಆ ಕೆಲಸ ಸಿಕ್ಕಿತೋ ನನಗೆ ಗೊತ್ತಿಲ್ಲ. ಬೀಗ ಹಾಕಿ ಬೀದಿಯ ತುದಿಗೆ ಬಂದವನು ಅದನ್ನು ಎಳೆದು ನೋಡಲು ವಾಪಸ್ಸು ಹೋಗುತ್ತಾನೆ. ಬಸ್ಸಿನಲ್ಲಿ ಡ್ರೈವರಿನ ಹಿಂದೆ ಕುಳಿತು, ಅವನ ಬದಲು ತಾನೇ ಕಾಲಿನಿಂದ ಬ್ರೇಕ್ ಒತ್ತುತ್ತಿರುತ್ತಾನೆ.

ಇಂಥವನಿಗೆ ದೇವರು ಶ್ರುತಿಯನ್ನು ಗಂಟು ಹಾಕಿದ. ಗೌನಿಪಲ್ಲಿಯವಳು, ಮಾವಿನ ಮರ ಹತ್ತಿ ಇಳಿದು ಬೆಳೆದವಳು, ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ. ನಲವತ್ತು ದಾಟಿದ ಮೇಲೆ ಅವಳಿಗೆ ಬೆಟ್ಟದಲ್ಲಿ ಸೈಕಲ್ ಹೊಡೆಯುವ ಹುಚ್ಚು ಹಿಡಿಯಿತು. ದಪ್ಪ ಟೈರಿನ ಗೇರ್ ಸೈಕಲ್ ಕೊಂಡಳು. ಮೊದಲ ಭಾನುವಾರ ಅವಳು ಕಾಡಿಗೆ ಹೋದಾಗ ನನ್ನ ತಮ್ಮ ಮಧ್ಯಾಹ್ನದವರೆಗೂ ಬಾಗಿಲು ಬಿಟ್ಟು ಕದಲಲಿಲ್ಲವಂತೆ. ಸ್ವಲ್ಪ ದಿನಕ್ಕೆ ತಾನೂ ಒಂದು ಸೈಕಲ್ ತಂದ. ಹೆಂಡತಿಯ ಮೇಲೆ ಎಷ್ಟು ಪ್ರೀತಿ ಎಂದು ಜನ ಆಡಿಕೊಂಡರು. ಪ್ರೀತಿಯೇ, ಇಲ್ಲ ಅನ್ನುವುದಿಲ್ಲ. ಅದರಲ್ಲಿ ಮುಕ್ಕಾಲು ಪಾಲು ಭಯ.

ಕೋಲಾರದ ಬೆಟ್ಟದ ಮೇಲೆ ಹಳ್ಳಿಗಳಿವೆ, ಅಲ್ಲಿಯವರೆಗೆ ರಸ್ತೆ ಇದೆ. ಅಲ್ಲಿಂದಾಚೆ ಅರಣ್ಯ ಇಲಾಖೆಯ ಕಾಡು. ನೀಲಗಿರಿ, ಲಂಟಾನದ ಪೊದೆ, ದನಗಳು ತುಳಿದು ಆದ ಕಾಲುದಾರಿಗಳು. ಅದನ್ನೆಲ್ಲ ದಾಟಿ ಇಳಿದರೆ ಆಚೆ ಬುಡದಲ್ಲಿ ನಾನು ಮದುವೆಯಾಗಿ ಬಂದ ಊರು. ಭಾನುವಾರ ಇಬ್ಬರೂ ಬೆಟ್ಟ ದಾಟಿ ನಮ್ಮ ಮನೆಗೆ ಬಂದು, ಮುದ್ದೆ ಬಸ್ಸಾರು ಉಂಡು, ಸಂಜೆಗೆ ಸುತ್ತುಬಳಸಿ ಟಾರ್ ರಸ್ತೆಯಲ್ಲಿ ವಾಪಸ್ಸಾಗುತ್ತಿದ್ದರು.

ಇಳಿಜಾರು ಬಂದಲ್ಲೆಲ್ಲ ನನ್ನ ತಮ್ಮ ಇಳಿದು ಸೈಕಲ್ ತಳ್ಳುತ್ತಾನೆ. ಹಾಗಾಗಿ ಮೇಲಿನ ಹಳ್ಳಿಯಿಂದ ಅವನು ಮೊದಲು ಹೊರಡಬೇಕು, ಶ್ರುತಿ ನಿಧಾನಕ್ಕೆ ಟೀ ಕುಡಿದು ಹಿಂದೆ ಬರಬೇಕು. ಪ್ರತಿ ಮಳೆಗೂ ದನಗಳು ಹೊಸ ದಾರಿ ಮಾಡುತ್ತವೆ. ವೇಗದಲ್ಲಿ ಅವಳು ಮುಂದಿನ ಚಕ್ರ ಬಿಟ್ಟು ಬೇರೇನೂ ನೋಡುವವಳಲ್ಲ. ಅದಕ್ಕೆ ಇವನು ಕವಲು ಸಿಕ್ಕಲ್ಲೆಲ್ಲ, ಹಿಡಿಯಬೇಕಾದ ದಾರಿಯ ಪಕ್ಕದಲ್ಲಿ ಕಲ್ಲಿನ ಮೇಲೆ ಕಲ್ಲು, ಹೀಗೆ ಮೂರು ಕಲ್ಲು ಪೇರಿಸಿ ಹೋಗುತ್ತಿದ್ದ. ಅವಳು ನಗುತ್ತಿದ್ದಳು, ಆದರೆ ಆ ಗುರುತು ಹಿಡಿದೇ ಬರುತ್ತಿದ್ದಳು. ಕೊನೆಯ ಇಳಿಜಾರಿಗೆ ಮುಂಚೆ ಇವನನ್ನು ಹಿಂದೆ ಹಾಕಿ, ನನ್ನ ಅಂಗಳಕ್ಕೆ ಮೊದಲು ಬರುವವಳು ಅವಳೇ.

ಕಳೆದ ಮಾಘದಲ್ಲಿ ಒಂದು ಭಾನುವಾರ ಮೊದಲು ಬಂದವನು ನಂದ. ಅಂಗಳಕ್ಕೆ ಕಾಲಿಡುತ್ತಲೇ ಶ್ರುತಿ ಎಲ್ಲಿ ಎಂದು ನನ್ನನ್ನೇ ಕೇಳಿದ. ಇಳಿಜಾರಿನ ತಲೆಯಲ್ಲಿ ಬಹಳ ಹೊತ್ತು ಕಾದು, ಬೇರೆ ದಾರಿಯಲ್ಲಿ ಇಳಿದು ಬಂದಿರಬಹುದು ಎಂದುಕೊಂಡು ಬಂದಿದ್ದನಂತೆ. ಫೋನ್ ಮಾಡಿದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಅದೇ ಮಾತು. ಬೆಟ್ಟದಲ್ಲಿ ಸಿಗ್ನಲ್ ಸಿಗುವುದೇ ಅಪರೂಪ, ಪಂಚರ್ ಆಗಿರುತ್ತದೆ, ಬರುತ್ತಾಳೆ ಬಿಡು ಎಂದು ನಾನು ಸಮಾಧಾನ ಹೇಳಿದೆ. ಅವನು ನೀರೂ ಮುಟ್ಟಲಿಲ್ಲ. ಹಿಂದಿನ ತಿಂಗಳು ಅದೇ ಕಾಡಿನಂಚಿನಲ್ಲಿ ಚಿರತೆ ಮೇಕೆ ಹೊತ್ತುಕೊಂಡು ಹೋಗಿತ್ತು. ಆ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಷ್ಟರಲ್ಲಿ ನಮ್ಮ ಬೀದಿಯ ಅನಸೂಯಮ್ಮ ಕೈಯಲ್ಲಿ ತೆಂಗಿನಕಾಯಿ ಹೋಳು ಹಿಡಿದು ಬಂದರು. ಬೆಳಿಗ್ಗೆ ಇಪ್ಪತ್ತು ಮೂವತ್ತು ಜನ ಸೇರಿ ಬೆಟ್ಟದ ಮೇಲಿನ ಗಂಗಮ್ಮನ ಗುಡಿಗೆ ಹರಕೆ ತೀರಿಸಲು ಹೋಗಿದ್ದರಂತೆ. ಪ್ರಸಾದ ಕೊಟ್ಟು, ಈ ಸಲ ತಮಗೂ ಸ್ವಂತ ಮನೆ ಆಗೇ ಆಗುತ್ತದೆ ಎಂದು ಖುಷಿಯಾಗಿ ಹೇಳಿದರು. ಸ್ವಂತ ಮನೆ ಬೇಕೆನ್ನುವವರು ದೇವರ ಬೆಟ್ಟದಲ್ಲಿ ಕಲ್ಲಿನ ಮೇಲೆ ಕಲ್ಲು ಪೇರಿಸಿ ಬರುವುದು ನಮ್ಮ ಕಡೆ ಇದ್ದದ್ದೇ.

"ಯಾರೋ ಪುಣ್ಯಾತ್ಮರು ಕವಲಲ್ಲಿ ಆಗ್ಲೇ ಮೂರು ಕಲ್ಲು ಇಟ್ಟು ಹೋಗಿದ್ರು ಕಣಮ್ಮ. ಇದೇ ಜಾಗ ಅಂತ ನಾವೂ ಇಟ್ವಿ. ಗುಡಿ ದಾಟಿ ಬಂಡೆವರೆಗೂ ಎಲ್ಲಾರೂ ಇಟ್ಕೊಂಡೇ ಹೋದ್ವಿ. ಆಮೇಲೆ ಗುಡಿ ಹಿಂದಿನ ದಾರೀಲಿ ಇಳಿದು ಬಂದ್ವಿ" ಎಂದರು.

ಆ ಕವಲಿನಲ್ಲಿ ಬಲಕ್ಕೆ ಬಂದರೆ ನಮ್ಮೂರು, ಎಡಕ್ಕೆ ಹೋದರೆ ಗುಡಿ. ಗುಡಿಯ ಆಚೆ ಬಂಡೆ, ಬಂಡೆಯ ಕೆಳಗೆ ಕೊರಕಲು. ಹೆಂಡತಿ ದಾರಿ ತಪ್ಪದಿರಲಿ ಎಂದು ತಾನಿಟ್ಟ ಗುರುತೇ ಅವಳನ್ನು ಆ ಕಡೆ ಕಳಿಸಿದೆ ಎಂದು ನಂದನಿಗೆ ಹೊಳೆಯಿತು. ಅನಸೂಯಮ್ಮನಿಗೆ ಏನೂ ಹೇಳದೆ ಎದ್ದ. ನಾನು ಟಾರ್ಚು, ನೀರಿನ ಬಾಟಲಿ ತೆಗೆದುಕೊಂಡು ಅವನ ಹಿಂದೆ ಓಡಿದೆ. ನನ್ನ ಮಂಡಿನೋವಿನ ಬಗ್ಗೆ ವಿಚಾರಿಸದೆ ಅವನು ನನ್ನನ್ನು ಏರು ಹತ್ತಿಸಿದ್ದು ಅದೇ ಮೊದಲು.

ಕವಲಿಗೆ ಬಂದಾಗ ಹೊತ್ತು ಇಳಿದಿತ್ತು. ಎಡದ ದಾರಿಯುದ್ದಕ್ಕೂ ಕಲ್ಲುಗುಡ್ಡೆಗಳು; ಐದು ಕಲ್ಲಿನವು, ಏಳು ಕಲ್ಲಿನವು, ಮಹಡಿ ಮನೆಯ ಆಸೆಯೋ ಏನೋ, ಸೊಂಟದೆತ್ತರದ್ದೂ ಒಂದು. ನಂದ ಸಿಟ್ಟಿನಿಂದ ಅದನ್ನು ಒದೆಯಲು ಕಾಲೆತ್ತಿದ. ಎತ್ತಿದ ಕಾಲನ್ನು ಹಾಗೇ ಇಳಿಸಿದ. ಯಾರದೋ ಮನೆ ಅದು, ಪಾಪ. ಮುಂದೆ ಹೋದ. ಧೂಳಿನಲ್ಲಿ ಟೈರಿನ ಅಚ್ಚು ಕಾಣುತ್ತಿತ್ತು. ಗುಡಿಯ ಬಳಿ ಅಚ್ಚು ನಿಲ್ಲಲಿಲ್ಲ, ಬಂಡೆಯ ಕಡೆಗೆ ಹೋಗಿತ್ತು. ಒಂದು ಮಾತು ಹೇಳಿಬಿಡುತ್ತೇನೆ: ಆ ಬಂಡೆಯವರೆಗಿನ ದಾರಿಯಲ್ಲಿ ನಾನು ಮನಸ್ಸಿನಲ್ಲೇ ಶ್ರುತಿಯ ತಾಯಿಗೆ ಸುದ್ದಿ ಹೇಗೆ ತಿಳಿಸುವುದೆಂದು ಯೋಚಿಸಿದ್ದೆ.

ಅವನು ಬಂಡೆಯ ಅಂಚಿಗೆ ಹೋಗಿ ಹೆಸರು ಹಿಡಿದು ಕೂಗಿದ. ಉತ್ತರವಿಲ್ಲ. ಮತ್ತೆ ಕೂಗಿದ. ಕೆಳಗಿನಿಂದ ಸಣ್ಣ ದನಿಯಲ್ಲಿ "ಏಮಂಡೀ" ಎಂದು ಕೇಳಿಸಿತು. ಯಾವಾಗಲೂ ಗಂಡನನ್ನು "ರೀ" ಎನ್ನುವವಳು ಅವಳು. ತವರಿನ ತೆಲುಗು ಅವಳ ಬಾಯಿಗೆ ಬರುವುದು ಎದೆ ನಡುಗಿದಾಗ ಮಾತ್ರ. ಮೋರಿ ದಾಟಲೂ ನನ್ನ ಕೈ ಹಿಡಿಯುವ ನನ್ನ ತಮ್ಮ, ಆ ಬಂಡೆಯ ಮೇಲೆ ಕುಂಡಿ ಊರಿಕೊಂಡು ಸರ್ರನೆ ಜಾರಿಬಿಟ್ಟ. ಪ್ಯಾಂಟು ಹರಿಯಿತು. ನಾನು ಸುತ್ತಿ ಬಳಸಿ, ಪೊದೆ ಹಿಡಿದುಕೊಂಡು ಇಳಿದೆ.

ಶ್ರುತಿ ಕಲ್ಲಿಗೆ ಒರಗಿ ಕುಳಿತಿದ್ದಳು. ಸೈಕಲ್ ಜಾರಿ ಬಿದ್ದು ಪಾದ ತಿರುಚಿತ್ತು, ಊರಲು ಆಗುತ್ತಿರಲಿಲ್ಲ. ಮೊಣಕೈ ತರಚಿಹೋಗಿತ್ತು. ಬೇರೆ ಏನೂ ಆಗಿರಲಿಲ್ಲ. ನಂದ ಅವಳ ತಲೆ, ಬೆನ್ನು, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದ. ಗುಡಿ ಬಂದಾಗಲಾದರೂ ದಾರಿ ತಪ್ಪಿದೆ ಅಂತ ಗೊತ್ತಾಗಲಿಲ್ಲವಾ ಎಂದು ನಾನು ರೇಗಿದೆ. ರೇಗಿದ್ದು ಹೋದ ಜೀವ ಬಂದ ಸಂತೋಷಕ್ಕೆ.

ಅವಳು ನನಗೆ ಉತ್ತರ ಕೊಡದೆ ಗಂಡನಿಗೆ ಹೇಳಿದಳು: "ಅಷ್ಟೊಂದು ಕಲ್ಲು ನೋಡಿ, ಇವತ್ತು ನಿಮಗೆ ಜಾಸ್ತಿನೇ ಭಯ ಆಗಿದೆ ಅಂದ್ಕೊಂಡೆ ರೀ. ಒಂದನ್ನೂ ಬಿಡದೆ ಅದರ ಹಿಂದೆನೇ ಬಂದೆ."

ನನಗೆ ನಗು ಬಂತು, ಆದರೆ ಅವಳ ಗದ್ದ ನಡುಗುತ್ತಿತ್ತು. ಅವಳು ಅತ್ತಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ನಂದನ ತೋಳು ಹಿಡಿದುಕೊಂಡು, "ಇಷ್ಟು ವರ್ಷ ನನ್ನ ಪಾಲಿನ ಭಯನೂ ನೀವೇ ಪಡ್ತಿದ್ರಿ. ಇವತ್ತು ನೀವು ಜೊತೇಲಿ ಇರ್ಲಿಲ್ಲ ರೀ. ನಾನೇ ಪಡಬೇಕಾಯ್ತು" ಎಂದಳು.

ಅವನು ಹರಿದ ಪ್ಯಾಂಟಿನಲ್ಲೇ ಅವಳ ಪಕ್ಕ ಕುಳಿತ, ಅವಳ ತಲೆಯನ್ನು ಹೆಗಲಿಗೆ ಒರಗಿಸಿಕೊಂಡ. ಸುತ್ತ ಪೊದೆಗಳು ಕಪ್ಪಾಗುತ್ತಿದ್ದವು, ಎಲ್ಲೋ ಏನೋ ಸರಿದ ಸದ್ದಾಯಿತು. ಅವನು ತಿರುಗಿಯೂ ನೋಡಲಿಲ್ಲ. ಕತ್ತಲಾಗ್ತಾ ಇದೆ, ಏಳ್ರೋ ಎಂದು ಮತ್ತೆ ಮತ್ತೆ ಹೇಳಬೇಕಾಗಿ ಬಂದದ್ದು ನನಗೆ.