ಯುಫ್ರೋನಿಯೊನ ಕರೆಂಟು

ಯುಫ್ರೋನಿಯೊ ಕಟುಕ. ನಮ್ಮ ದ್ವೀಪದಲ್ಲಿ ಇದರ ಬಗ್ಗೆ ಎರಡು ಮಾತಿಲ್ಲ. ಸೆಬು ಪಟ್ಟಣದಿಂದ ದೋಣಿಯಲ್ಲಿ ಡೀಸೆಲ್ ತರಿಸಿ, ತನ್ನ ಜನರೇಟರಿನಿಂದ ಮನೆಮನೆಗೆ ತಂತಿ ಎಳೆದು, ಬಲ್ಬಿಗೆ ಇಷ್ಟು ಪೆಸೊ ಎಂದು ವಸೂಲು ಮಾಡುತ್ತಿದ್ದ. ಕೊಡದವರ ತಂತಿಯನ್ನು ಕತ್ತಲಾಗುವ ಮುಂಚೆ ಕತ್ತರಿಸುತ್ತಿದ್ದ. ಬಾಣಂತಿ ಮನೆಯೆಂದೂ ನೋಡುತ್ತಿರಲಿಲ್ಲ.

ಸರ್ಕಾರ ಸೌರಫಲಕಗಳನ್ನು ಪುಕ್ಕಟೆ ಕೊಟ್ಟಾಗ ಇಗರ್ಜಿಯ ಅಂಗಳದಲ್ಲಿ ಸಭೆ ಸೇರಿತು. ಅವನೂ ಬಂದ.

“ನನ್ನ ಮಿಷನ್ನು ಕೊಳ್ಳೋಕೆ ಅಗ್ಗ, ಸಾಕೋಕೆ ದುಬಾರಿ. ಈ ಫಲಕದ್ದು ತಿರುಗಾಮುರುಗಾ. ಇಪ್ಪತ್ತು ವರ್ಷದ್ದು ಒಟ್ಟು ಹಾಕಿದ್ರೆ ನನ್ನ ಕರೆಂಟಿನ ಅರ್ಧ ಬೆಲೆಗೆ ಬೀಳುತ್ತೆ. ಆದ್ರೆ ಬ್ಯಾಟರಿ ಐದಾರು ವರ್ಷಕ್ಕೆ ಸಾಯುತ್ತೆ. ಅದಕ್ಕೆ ಈಗಿಂದ್ಲೇ ಎತ್ತಿಡಿ.”

“ನೋಡ್ರೋ, ದಾನದ ಎಮ್ಮೆಗೆ ಹಲ್ಲು ಎಣಿಸ್ತಾನೆ!” ಎಂದ ಮೀನುಗಾರ ಗೌದೆನ್ಸಿಯೊ. “ಬಿಸಿಲಿಗೂ ಬಿಲ್ಲು ಬರೀತೀಯಾ, ನೋಂಗ್?”

ಹಿರಿಯರನ್ನು ನಾವು ‘ನೋಂಗ್’ ಎನ್ನುವುದು ಗೌರವಕ್ಕೆ; ಅವನು ಅಂದದ್ದು ಗೇಲಿಗೆ. ಎಲ್ಲರೂ ನಕ್ಕರು.

ಬ್ಯಾಟರಿಗೆ ಹಣ ಕೂಡಿಸಲು ಪೆಟ್ಟಿಗೆಯೇನೋ ಇಟ್ಟರು. ಕೂಡಿದ್ದೆಲ್ಲ ಪ್ರತಿ ವರ್ಷ ಸಂತನ ಹಬ್ಬದ ಸುಟ್ಟ ಹಂದಿಗೆ ಹೋಯಿತು. ಸಂತನ ಮುಂದೆ ಬ್ಯಾಟರಿ ಯಾವ ಗಿಡದ ತಪ್ಪಲು? ಆರನೆಯ ಮಳೆಗಾಲಕ್ಕೆ ಬ್ಯಾಟರಿಗಳು ಸತ್ತವು. ಈಗ ಫಲಕಗಳ ಮೇಲೆ ಮೀನು ಒಣಗುತ್ತದೆ. ಜನ ತಲೆ ತಗ್ಗಿಸಿ ಮತ್ತೆ ಯುಫ್ರೋನಿಯೊನ ಬಾಗಿಲಿಗೆ ಹೋದರು. ಅವನು ದರ ಏರಿಸಿದ.

ಆ ವರ್ಷವೇ ಗೌದೆನ್ಸಿಯೊ ಸಮುದ್ರದಲ್ಲಿ ಸತ್ತ. ಹೆಂಡತಿ ಸಾಲ್ವಾಸಿಯೊನ್ ಬಳಿ ಶವಪೆಟ್ಟಿಗೆಗೂ ಹಣವಿರಲಿಲ್ಲ. ಹೆಣ ಕಾಯುವ ಮನೆಯಲ್ಲಿ ನಮ್ಮವರು ಇಸ್ಪೀಟು ಆಡುತ್ತಾರೆ. ಗೆದ್ದವರು ಪ್ರತಿ ಆಟಕ್ಕೂ ಮನೆಯ ಪಾಲನ್ನು ಡಬ್ಬಿಗೆ ಹಾಕಬೇಕು. ಮಣ್ಣು ಮಾಡುವ ಖರ್ಚು ಹುಟ್ಟುವುದು ಅದರಿಂದಲೇ. ದೀಪವಿಲ್ಲದಿದ್ದರೆ ಆಟವಿಲ್ಲ. ಸಾಲ್ವಾಸಿಯೊನ್ ಯುಫ್ರೋನಿಯೊನ ಬಾಗಿಲಿಗೆ ಹೋದಳು.

“ಮಣ್ಣಾದ್ಮೇಲೆ ಕೊಡ್ತೀನಿ, ನೋಂಗ್.”

“ಡೀಸೆಲ್‌ನೋನು ನಂಗೆ ಹಾಗೆ ಕೊಡಲ್ಲ ಕಣಮ್ಮ. ಮೊದ್ಲು ಕಾಸು.”

ಅವಳು ಕಿವಿಯೋಲೆ ಬಿಚ್ಚಿಕೊಟ್ಟಳು. ಅವನು ಬಿಸಿಲಿಗೆ ಹಿಡಿದು ನೋಡಿ ಜೇಬಿಗೆ ಹಾಕಿಕೊಂಡ.

ಸಂಜೆ ದೀಪ ಹತ್ತಿತು. ಆದರೆ ಬಲೆಗಳು ಖಾಲಿ ಬರುತ್ತಿದ್ದ ಕಾಲ. ಆಡಲು ಕೂತವರು ಮೂವರೇ, ಪಣವೂ ಚಿಲ್ಲರೆ. ಡಬ್ಬಿಯ ತಳ ಮುಚ್ಚಲಿಲ್ಲ. ಸಾಲ್ವಾಸಿಯೊನ್ ಹೆಣದ ಪಕ್ಕ ಕೂತು ಡಬ್ಬಿಯನ್ನೇ ನೋಡುತ್ತಿದ್ದಳು.

ಆಗ ಯುಫ್ರೋನಿಯೊ ಬಂದ. ಹುಟ್ಟಿದಾಗಿನಿಂದ ಇಸ್ಪೀಟು ಮುಟ್ಟಿದವನಲ್ಲ. ನಾಲ್ಕನೆಯವನಾಗಿ ಕೂತು, ಎಲೆಗಳನ್ನು ತಲೆಕೆಳಗಾಗಿ ಹಿಡಿದು, ಹೇಗೋ ಒಂದಾಟ ಗೆದ್ದ. ಮನೆಯ ಪಾಲೆಂದು ಜೇಬಿನಿಂದ ಏನನ್ನೋ ತೆಗೆದು ಡಬ್ಬಿಗೆ ಹಾಕಿದ. ನಾನು ಇಣುಕಿದೆ. ಕಿವಿಯೋಲೆಗಳು.

“ಏನ್ ನೋಡ್ತೀರಿ? ಎಲೆ ಹಂಚ್ರೋ,” ಎಂದು ಗದರಿದ. “ಡೀಸೆಲ್ ಉರೀತಿದೆ.”