ಯಕ್ಷಿಯ ಮೂಗು

ಸಾಂಗ್ಲಿ ಬೆಳೆದು ಸುತ್ತಲಿನ ಹೊಲಗಳೆಲ್ಲ ಪ್ಲಾಟುಗಳಾಗುತ್ತಿದ್ದ ಕಾಲ. ಎಲ್ಲೆಲ್ಲಿ ಹಳೆಯ ಶಿಲ್ಪಗಳಿವೆಯೋ ಅಲ್ಲಿಗೆ ಹೋಗಿ ನೋಡಿ ಸರ್ಕಾರಿ ಫಾರ್ಮಿನಲ್ಲಿ ದಾಖಲಿಸುವುದು ನನ್ನ ಕೆಲಸ. ಹಾಗೆ ಹತ್ತಿರದ ಬೇಡಗ ಹಳ್ಳಿಯ ಒಂದು ಜೈನ ಮನೆತನದ ತೋಟಕ್ಕೆ ಹೋದೆ. ಅಲ್ಲಿ ಕೈಯಲ್ಲಿ ಮಾವಿನ ಕೊಂಬೆ ಹಿಡಿದು, ತೊಡೆಯ ಮೇಲೆ ಕೂಸನ್ನು ಕೂಡಿಸಿಕೊಂಡ ಕಲ್ಲಿನ ಯಕ್ಷಿ ಇದ್ದಳು. ನಾನು ‘ಮೂಗು ಮುರಿದಿದೆ’ ಎಂದು ಬರೆದು, ಗಟ್ಟಿಯಾಗಿ ಓದಿಯೂಬಿಟ್ಟೆ.

ಮನೆಯ ಅಜ್ಜಿಗೆ ಸಿಟ್ಟು ಬಂತು. “ನಿಮಗೂ ಮುಂದಿನ ಹಲ್ಲೊಂದು ಇಲ್ಲಲ್ರಿ ಸಾಹೇಬ್ರ, ನೌಕರಿ ಕೊಡುವಾಗ ಅದನ್ನ ಬರಕೊಂಡಾರೇನು?”

ಸಾಂಗ್ಲಿಯ ವಿಶ್ರಾಮಬಾಗ ಬಡಾವಣೆಯಲ್ಲಿ ಬಂಗಲೆ ಕಟ್ಟಿಸಿದ್ದ ಅವರ ಮಗನಿಗೆ ಮಾತ್ರ ಖುಷಿ. “ಬರೀರಿ, ಬರೀರಿ. ಮುರದ ಮೂರ್ತಿಗೆ ಯಾರರೆ ಪೂಜಾ ಮಾಡ್ತಾರೇನು? ಇದನ್ನ ತಗದು ಹೊಸಾ ಮಾರ್ಬಲ್ ಮೂರ್ತಿ ತರೂನು ಅಂದ್ರ ಆಯೀ ಐಕತ್ ನಾಹೀ, ಅವ್ವ ಕೇಳೂದ ಇಲ್ಲ!”

ನನ್ನ ಎರಡು ಪದಕ್ಕೆ ಯಕ್ಷಿ ಜಾಗ ಖಾಲಿ ಮಾಡಬೇಕಾಗುತ್ತದೆಂದು ಆಗ ಹೊಳೆಯಿತು. ಅಷ್ಟರಲ್ಲಿ ಅಜ್ಜಿ ನನ್ನ ಕೈ ಹಿಡಿದೆಳೆದು ಆ ಮೂಗಿನ ಮೇಲಿಟ್ಟರು. “ಮುಟ್ಟಿ ನೋಡ್ರಿ. ಮುರದಿದ್ರ ಚುಚ್ಚಬೇಕಲ್ಲ?”

ಚುಚ್ಚಲಿಲ್ಲ. ಬಳಸಿದ ಸಾಬೂನಿನ ಹಾಗೆ ನುಣುಪಾಗಿತ್ತು, ನನ್ನ ಬೆರಳುಗಳೆಲ್ಲ ಹಳದಿಯಾದವು. ಮೊದಲಿನದನ್ನು ಹೊಡೆದುಹಾಕಿ ‘ದಿನವೂ ಅರಿಶಿನ ಹಚ್ಚಿ ಸವೆದಿದೆ’ ಎಂದು ಬರೆದೆ. ಮಗ ಮುಖ ಊದಿಸಿಕೊಂಡ. ಅಜ್ಜಿ ಚಹಾ ತಂದರು.

ಸಾಂಗ್ಲಿಯಲ್ಲಿ ನನ್ನ ಮೇಲಧಿಕಾರಿಗಳು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ‘ಸವೆಸಿದವರ ಹೆಸರು ನಮೂದಿಸಿ’ ಎಂದು ಫಾರ್ಮನ್ನು ವಾಪಸು ಕಳಿಸಿದರು. ಅಜ್ಜಿ, ಅಜ್ಜಿಯ ಅತ್ತೆ, ಆ ಅತ್ತೆಯ ಅತ್ತೆ ಎಂದು ಬರೆಯುತ್ತ ಹೋದೆ. ಕಾಲಮಿನಲ್ಲಿ ಜಾಗ ಸಾಲಲಿಲ್ಲ.