ಮೀಟರ್ ಬಾಕ್ಸಿನಿಂದ ಬಿದ್ದ ಅಳಿಲು ಮರಿ

ಸ್ವಲ್ಪ ತಾಳಿ, ಅಳಿಲಿನ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ನನ್ನ ಹುಚ್ಚಿನ ಬಗ್ಗೆ ಎರಡು ಮಾತು. ನಾನು ಓದಿದ್ದು ಬಿ.ಕಾಂ. ಪ್ರಾಣಿಗಳ ಬಗ್ಗೆ ಕಲಿತದ್ದೆಲ್ಲ ಕನಕಪುರ ರಸ್ತೆಯ ಟ್ರಾಫಿಕ್ಕಿನಲ್ಲಿ, ಬಸ್ಸಿನೊಳಗೆ ನಿಂತು, ಮೊಬೈಲ್ ನೋಡಿಕೊಂಡು. ಸಸ್ತನಿ ಎಂದರೇನು ಅಂತ ಯಾರಾದರೂ ಕೇಳಿದರೆ ಸಾಕು, ಶುರು ಮಾಡುತ್ತಿದ್ದೆ: ಮೈಮೇಲೆ ಕೂದಲು, ಮರಿಗೆ ತಾಯಿಯ ಹಾಲು, ಬಿಸಿ ರಕ್ತ, ಕಿವಿಯೊಳಗೆ ಮೂರು ಪುಟ್ಟ ಮೂಳೆ. ಯಾರೂ ಕೇಳದಿದ್ದರೂ ಶುರು ಮಾಡುತ್ತಿದ್ದೆ.

ಜರಗನಹಳ್ಳಿಯಲ್ಲಿ ನಾನಿರುವುದು ಒಂದು ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ. ಓನರ್ ಆಂಟಿ ಕೆಳಗಿದ್ದಾರೆ. ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಅವರ ಮನೆಯ ಕರೆಂಟ್ ಹೋಯಿತು. ಎಲೆಕ್ಟ್ರಿಷಿಯನ್ ಬಂದು ಗೇಟಿನ ಪಕ್ಕದ ಮೀಟರ್ ಬಾಕ್ಸ್ ತೆರೆದ. ಒಳಗೆ ತೆಂಗಿನ ನಾರು, ಹತ್ತಿ, ಬಟ್ಟೆಯ ಚೂರು ಸೇರಿಸಿ ಮಾಡಿದ ಗೂಡು. ಬಾಗಿಲು ಎಳೆದ ರಭಸಕ್ಕೆ ಒಂದು ಮರಿ ನೆಲಕ್ಕೆ ಬಿತ್ತು. ಕಿರುಬೆರಳಿನಷ್ಟು ಉದ್ದ, ಗುಲಾಬಿ ಬಣ್ಣ, ಕಣ್ಣು ಇನ್ನೂ ತೆರೆದಿರಲಿಲ್ಲ. ಇನ್ನೆರಡು ಮರಿ ಗೂಡಿನಲ್ಲೇ ಇದ್ದವು.

“ಇಲಿ ಮರಿ ಸಾರ್, ಮುಟ್ಬೇಡಿ,” ಎಂದ ಎಲೆಕ್ಟ್ರಿಷಿಯನ್.

ನಾನು ಆಗಲೇ ನೆಲದ ಮೇಲೆ ಕೂತು ಅದನ್ನು ಅಂಗೈಗೆ ಎತ್ತಿಕೊಂಡಿದ್ದೆ. “ಇಲಿ ಅಲ್ಲ ಅಣ್ಣ, ಅಳಿಲು. ಸಸ್ತನಿ ಇದು. ಸಸ್ತನಿ ಅಂದ್ರೆ ಮೈಮೇಲೆ ಕೂದ್ಲಿರುತ್ತೆ…”

ಆಂಟಿ ಬಗ್ಗಿ ನೋಡಿದರು. “ಎಲ್ಲೋ ಕೂದ್ಲು? ನಮ್ ಯಜಮಾನ್ರ ತಲೆ ಇದ್ದಂಗೈತೆ!”

ಎಲೆಕ್ಟ್ರಿಷಿಯನ್ ಜೋರಾಗಿ ನಕ್ಕ. ನನಗೆ ರೇಗಿತು. ಇವರಿಗೆಲ್ಲ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂದು ತೋರಿಸಲೇಬೇಕು ಅನ್ನಿಸಿತು.

“ಅಲ್ಲೇ ಒಂದ್ ಬಟ್ಟೆ ಮೇಲಿಡು. ನಾವು ಆ ಕಡೆ ಹೋದ್ರೆ ತಾಯಿ ಬಂದು ಎತ್ಕೊಂಡ್ ಹೋಯ್ತಾಳೆ,” ಎಂದರು ಆಂಟಿ.

“ಇಲ್ಲ ಆಂಟಿ, ನಾನು ಮುಟ್ಬಿಟ್ಟೆ. ಮನುಷ್ಯರ ವಾಸನೆ ಬಂದ್ರೆ ತಾಯಿ ಸೇರಿಸಲ್ಲ. ಸೈನ್ಸ್ ಇದು.”

“ನಂಗೇನ್ ಗೊತ್ತಪ್ಪಾ, ತಿಳ್ಕೊಂಡಿರೋನು ನೀನು.”

ಅದು ಸೈನ್ಸ್ ಆಗಿರಲಿಲ್ಲ. ಯಾರೋ ಹೇಳಿದ್ದನ್ನು ನಂಬಿಕೊಂಡಿದ್ದೆ, ಅಷ್ಟೇ.

ಮರಿಯನ್ನು ಮೇಲೆ ತಂದು ಶೂ ಡಬ್ಬಿಯಲ್ಲಿ ಕರ್ಚೀಫಿನ ಮೇಲೆ ಮಲಗಿಸಿದೆ. ಸಸ್ತನಿ ಅಂದಮೇಲೆ ಹಾಲು ಕುಡಿಯಬೇಕಲ್ಲ ಎಂದು ಪ್ಯಾಕೆಟ್ ಹಾಲಿಗೆ ನೀರು ಬೆರೆಸಿ ಇಂಕ್ ಫಿಲ್ಲರಿನಲ್ಲಿ ಬಿಟ್ಟೆ. ಅರ್ಧ ಮೂಗಿನಿಂದ ಹೊರಗೆ ಬಂತು. ಬಿಸಿ ರಕ್ತದ ಪ್ರಾಣಿ, ಮೈ ತಾನಾಗಿಯೇ ಬೆಚ್ಚಗಿರುತ್ತದೆ ಎಂದುಕೊಂಡೆ. ಕೂದಲು ಬಾರದ ಮರಿಗೆ ತಾಯಿಯ ಹೊಟ್ಟೆಯ ಬಿಸಿಯೇ ಬೇಕು ಎಂಬುದು ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೆಳಗೆ ಅಳಿಲಿನ ಕೂಗು ಕೇಳಿಸಿತು. ಬಾಲ್ಕನಿಯಿಂದ ಬಗ್ಗಿದೆ. ತಾಯಿ ಬಂದಿತ್ತು. ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಎದುರಿನ ಹೊಂಗೆ ಮರ ಹತ್ತಿತು. ಬಂದು ಎರಡನೆಯದನ್ನೂ ಒಯ್ದಿತು. ಮತ್ತೆ ಬಂತು. ಖಾಲಿ ಬಾಕ್ಸಿನೊಳಗೆ ಹೋಗಿ ಬಂದು, ಮರಿ ಬಿದ್ದಿದ್ದ ಜಾಗವನ್ನು ಮೂಸಿತು. ಚಪ್ಪಲಿಗಳ ಸಂದಿಯಲ್ಲಿ ಹುಡುಕಿತು. ಮತ್ತೆ ಬಂದು ಮೂಸಿತು.

“ಬಂದವ್ಳೆ ಕಣೋ! ಹುಡುಕ್ತಾವ್ಳೆ, ತಂದಿಡೋ!” ಆಂಟಿ ಕಿಟಕಿಯಿಂದ ಕೂಗಿದರು.

ಡಬ್ಬಿಯಲ್ಲಿ ಮರಿ ಇನ್ನೂ ಕಾಲಾಡಿಸುತ್ತಿತ್ತು.

“ಬೇಡ ಆಂಟಿ, ಈಗಿಟ್ರೆ ಕಚ್ಚಿ ಸಾಯಿಸ್ಬಿಡ್ತಾಳೆ!” ಎಂದೆ.

ಸ್ವಲ್ಪ ಹೊತ್ತಾದ ಮೇಲೆ ಅಳಿಲು ಬರುವುದು ನಿಂತಿತು. ಸಂಜೆಯ ಕಾಫಿ ಹೊತ್ತಿಗೆ ಮರಿ ತಣ್ಣಗಾಗಿತ್ತು. ಹೊಂಗೆಯ ಬುಡದಲ್ಲಿ ಮಣ್ಣು ಮಾಡುವಾಗ ಆಂಟಿ ಪಕ್ಕದಲ್ಲಿ ನಿಂತಿದ್ದರು. ಬಯ್ಯುತ್ತಾರೇನೋ ಅಂದುಕೊಂಡೆ. “ಬಾರಪ್ಪ, ಕೈ ತೊಳ್ಕೊ,” ಎಂದರು, ಅಷ್ಟೇ.

ಮನುಷ್ಯರು ಮುಟ್ಟಿದರೂ ತಾಯಿ ಅಳಿಲು ಮರಿಯನ್ನು ಸಾಮಾನ್ಯವಾಗಿ ಕೊಂಡೊಯ್ಯುತ್ತದೆ ಎಂದು ಆಮೇಲೆ ಓದಿದೆ. ಓದುವ ಅಗತ್ಯವೇ ಇರಲಿಲ್ಲ. ನನ್ನ ವಾಸನೆಗೆ ಹೆದರುವುದಾಗಿದ್ದರೆ ನಾನು ಕೂತಿದ್ದ ಆ ನೆಲವನ್ನು ಅದು ಅಷ್ಟು ಸಲ ಏಕೆ ಮೂಸುತ್ತಿತ್ತು? ಉತ್ತರ ಕಣ್ಣೆದುರೇ ಇತ್ತು. ಎರಡು ಮಹಡಿ ಇಳಿದು ಹೋಗಿ ಇಟ್ಟುಬಂದಿದ್ದರೆ ಸಾಕಾಗಿತ್ತು.

ನಿಮ್ಮ ಮನೆಯ ಹತ್ತಿರವೂ ಹೀಗೆ ಮರಿ ಬಿದ್ದಿತ್ತೇ? ಅಲ್ಲೇ ಬಿಟ್ಟು ದೂರ ನಿಂತು ಕಾದಿರಾ? ತಾಯಿ ಬಂತೇ, ಎಷ್ಟು ಹೊತ್ತಿಗೆ ಬಂತು? ದಯವಿಟ್ಟು ಕೆಳಗೆ ಬರೆಯಿರಿ. ಬಂದು ಎತ್ತಿಕೊಂಡು ಹೋದದ್ದನ್ನು ನೋಡಿದವರಿದ್ದರೆ, ಅದನ್ನೂ ಬರೆಯಿರಿ.